ಐದನೇ ದಿನವೂ ಕರೆಂಟಿಲ್ಲ. ನಿಮ್ಮ ಕಡೆ ಹೇಗುಂಟು? ಮುಂದಿನ ಮಳೆಗಾಲಕ್ಕೆ ಏನು ಮಾಡೋಣ?

ಗಾಳಿಬೀಡು_ತೋಟ · ಗುರುವಾರ ಬೆಳಿಗ್ಗೆ 8:10

ಮಡಿಕೇರಿಯಲ್ಲಿ ಒಂದು ಹೋಟೆಲಿನ ಮೂಲೆಯಲ್ಲಿ ಫೋನ್ ಚಾರ್ಜಿಗಿಟ್ಟು ಬರೀತಾ ಇದ್ದೇನೆ. ಉತ್ತರ ತಡವಾದರೆ ಬೇಜಾರು ಮಾಡ್ಕೊಬೇಡಿ.

ಭಾನುವಾರ ರಾತ್ರಿ ಹತ್ತೂಕಾಲಿಗೆ ಹೋದ ಕರೆಂಟ್, ಇವತ್ತಿಗೆ ಐದನೇ ದಿನ. ಪುನರ್ವಸು ಮಳೆ ಸುಮಾರಾಗಿ ಕಳೀತು ಅಂತ ಉಸಿರು ಬಿಡುವಷ್ಟರಲ್ಲಿ ಪುಷ್ಯ ಮಳೆ ಗಾಳಿಯನ್ನೇ ಕಟ್ಟಿಕೊಂಡು ಬಂತು. ತೋಟದೊಳಗೆ ಹೋಗುವ ಹನ್ನೊಂದು ಕೆವಿ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದು ಮೂರು ಕಂಬ ಮುರಿದಿದೆ. ಆ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಸೇರಿದ ಹದಿನಾಲ್ಕು ಮನೆ ಕತ್ತಲೆಯಲ್ಲಿ ಕೂತಿದ್ದೇವೆ.

ಕತ್ತಲೆಯನ್ನಾದರೂ ಹೇಗೋ ತಡ್ಕೊಬಹುದು, ನೀರಿಗೇ ಕಷ್ಟ. ಬಾವಿಯ ಪಂಪ್ ತಿರುಗುತ್ತಿಲ್ಲ. ರಾಟೆ ತೆಗೆದು ಹತ್ತು ವರ್ಷ ಆಯ್ತು. ಮಾಡಿನ ನೀರಿಗೆ ಹಂಡೆ, ಡ್ರಮ್, ಮಕ್ಕಳ ಸ್ನಾನದ ಟಬ್ ಎಲ್ಲಾ ಇಟ್ಟಿದ್ದೇವೆ. ತೋಟದ ಕೆಲಸದವರ ಲೈನ್‌ಮನೆಯಲ್ಲಿ ಆರು ತಿಂಗಳ ಕೂಸು ಉಂಟು, ಅದರ ಬಟ್ಟೆ ಒಲೆ ಮುಂದೆ ಹಿಡಿದು ಒಣಗಿಸ್ತಾ ಇದ್ದಾರೆ. ನನ್ನ ಅಮ್ಮನಿಗೆ ಇನ್ಸುಲಿನ್. ಫ್ರಿಜ್ ಬಿಸಿಯಾಗಿ ಮೂರು ದಿನ ಆಯ್ತು, ಆ ಔಷಧಿ ಕೊಡಬಹುದಾ ಅಂತಲೂ ಗೊತ್ತಾಗ್ತಿಲ್ಲ.

ನೀವೆಲ್ಲ ಈ ದಿನಗಳನ್ನು ಹೇಗೆ ದಾಟಿಸ್ತಾ ಇದ್ದೀರಿ? ಪ್ರತಿ ವರ್ಷ ಹೀಗೇ ಆಗ್ತಾ ಉಂಟಲ್ಲ, ಇದಕ್ಕೆ ಶಾಶ್ವತವಾಗಿ ಏನಾದರೂ ಮಾಡೋಕಾಗುತ್ತಾ? ಫೋನ್ ಮಾಡಿದರೆ "ಕೆಲಸ ನಡೀತಾ ಉಂಟು" ಅಂತಾರೆ. ಐದು ದಿನದಲ್ಲಿ ಒಬ್ಬರ ಮುಖ ಕಂಡಿಲ್ಲ.

ಶಾಂತಳ್ಳಿ_ಮಳೆಲೆಕ್ಕ · 8:32

ನಮ್ಮಲ್ಲಿ ನಾಲ್ಕನೇ ದಿನ. ಇವತ್ತು ಬೆಳಿಗ್ಗೆ ಗೇಜಿನಲ್ಲಿ 6 ಇಂಚು 40 ಸೆಂಟ್. ಹೊಸಬರಿಗೆ ತಿಳೀಲಿ ಅಂತ ಹೇಳ್ತೇನೆ, ಇಂಚಿನ ನೂರನೇ ಒಂದು ಪಾಲು ತೋಟದವರ ಲೆಕ್ಕದಲ್ಲಿ ಒಂದು ಸೆಂಟ್. ಮಿಲಿಮೀಟರ್ ಬೇಕಾದವರು ಇಂಚನ್ನು 25.4ರಿಂದ ಗುಣಿಸಿಕೊಳ್ಳಿ, 162 ದಾಟುತ್ತೆ. ಹವಾಮಾನ ಇಲಾಖೆ ಪಟ್ಟಿಯಲ್ಲಿ 24 ಗಂಟೆಗೆ 115.6 ಮಿ.ಮೀ. ದಾಟಿದರೇ ಅತಿ ಭಾರಿ ಮಳೆ. 204.5ರ ಮೇಲೆ ಹೋದರೆ ಅದಕ್ಕೂ ಮೇಲಿನ ದರ್ಜೆ.

ಆದರೆ ಬರೀ ಮಳೆಗೆ ಕಂಬ ಬೀಳೋದಿಲ್ಲ ಕಣಪ್ಪ. ಎಂಟು ಹತ್ತು ದಿನ ಬಿಡದೆ ಹೊಯ್ದು ಮಣ್ಣು ಗಂಜಿ ಆಗಿರುತ್ತಲ್ಲ, ಆಮೇಲೆ ಬರುವ ಗಾಳಿ ನೋಡು. ಬೇರಿಗೆ ಹಿಡಿತವೇ ಇರೋದಿಲ್ಲ. ನಮ್ಮಪ್ಪ ಶುರು ಮಾಡಿದ ಮಳೆ ಪುಸ್ತಕ ಇನ್ನೂ ನಾನೇ ಬರೀತೇನೆ, ಅದರಲ್ಲಿ ಮಳೆ ಉಂಟು, ಗಾಳಿಗೊಂದು ಕಾಲಂ ಇಲ್ಲ. ಈ ವರ್ಷ ಕೈಯಿಂದಲೇ ಗೆರೆ ಹಾಕಿ ಸೇರಿಸಿದೆ.

ನಾಪೋಕ್ಲು_ಸಿಸ್ಟರ್ · 8:40

@ಗಾಳಿಬೀಡು_ತೋಟ ಅಣ್ಣಾ, ಮೊದಲು ಇನ್ಸುಲಿನ್ ವಿಷಯ. ನಾನು ನರ್ಸ್, ಅದಕ್ಕೇ ಬೇಗ ಬರೀತಾ ಇದ್ದೇನೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ನಿಜ. ಆದರೆ ಫ್ರಿಜ್ಜಿನಿಂದ ಹೊರಗೆ ಬಂದ ತಕ್ಷಣ ಅದು ಕೆಡೋದಿಲ್ಲ. ಸಾಮಾನ್ಯವಾಗಿ ಕೊಡುವ ಹೆಚ್ಚಿನ ಇನ್ಸುಲಿನ್‌ಗಳು ಕೋಣೆಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ತಡೀತವೆ. ಈಗಿನ ನಮ್ಮ ಚಳಿಗೆ ಕೋಣೆ ಎಂದರೆ ತಣ್ಣಗೇ ಇರುತ್ತಲ್ಲ. ಹೊರಗೆ ತೆಗೆದ ತಾರೀಕು ಬಾಟಲಿ ಮೇಲೆ ಬರೆದಿಡಿ, ಪೆಟ್ಟಿಗೆಯೊಳಗಿನ ಚೀಟಿಯನ್ನೂ ಒಮ್ಮೆ ಓದಿ. ಸ್ವಚ್ಛವಾಗಿ ಕಾಣಬೇಕಾದ ಔಷಧಿ ಮಸುಕಾಗಿದ್ದರೆ, ಗಂಟು ಗಂಟಾಗಿದ್ದರೆ ಬೇಡ.

ಒಂದೇ ಎಚ್ಚರಿಕೆ. ಅಡುಗೆಮನೆಯಲ್ಲಿ ಇಡಬೇಡಿ. ಮಳೆಗಾಲ ಅಂತ ಎಲ್ಲರೂ ಒಲೆ ಮೇಲಿನ ಅಟ್ಟದಲ್ಲೇ ಎಲ್ಲವನ್ನೂ ಇಡ್ತೇವೆ, ಅಲ್ಲಿ ಬಿಸಿ. ನೀರು ತುಂಬಿದ ಮಣ್ಣಿನ ಮಡಕೆಯ ಪಕ್ಕ, ಗಾಳಿಯಾಡುವ ಕಡೆ ಸಾಕು. ಸಂಶಯ ಬಂದರೆ ಅಮ್ಮನಿಗೆ ಕೊಡುವ ಮುಂಚೆ ಆಸ್ಪತ್ರೆಗೆ ಒಂದು ಫೋನ್ ಮಾಡಿ.

ಗಾಳಿಬೀಡು_ತೋಟ · 8:44

ಸಿಸ್ಟರ್, ಅಟ್ಟದಲ್ಲೇ ಇಟ್ಟಿದ್ದೆವು. ಈಗಲೇ ಮನೆಗೆ ಹೊರಡ್ತೇನೆ, ಹೋಗುವಾಗ ಹೊಸ ಬಾಟಲಿ ತಗೊಂಡೇ ಹೋಗ್ತೇನೆ. ತುಂಬಾ ಉಪಕಾರ ಆಯ್ತು.

ಬೆಂಗಳೂರಲ್ಲಿರುವ_ಮಗ · 9:05

ದಯವಿಟ್ಟು ಯಾರಾದರೂ ಬಿರುನಾಣಿ ಕಡೆಯವರು ಇದ್ದೀರಾ? ಮಂಗಳವಾರ ಸಂಜೆಯಿಂದ ಅಪ್ಪ ಅಮ್ಮನ ಫೋನ್ ಸಿಕ್ತಿಲ್ಲ. ಪಕ್ಕದ ಮನೆಯವರದ್ದೂ ಸಿಕ್ತಿಲ್ಲ. ಇಬ್ಬರಿಗೂ ಎಪ್ಪತ್ತರ ಮೇಲೆ. ಮನೆ ಹಿಂದೆಯೇ ಬರೆ, ಕಡಿದಾದ ಮಣ್ಣಿನ ದಿಣ್ಣೆ. 2019ರಲ್ಲಿ ತೋರದಲ್ಲಿ ಗುಡ್ಡ ಜಾರಿದ ಮೇಲೆ ಮಳೆ ಸುದ್ದಿ ಕೇಳಿದರೇ ನಿದ್ದೆ ಹತ್ತೋದಿಲ್ಲ.

ಟಿಶೆಟ್ಟಿಗೇರಿ · 9:11

ತಮ್ಮಾ, ಗಾಬರಿ ಆಗಬೇಡ. ಟವರಿನ ಬ್ಯಾಟರಿ ಕೆಲವು ಗಂಟೆ ಅಷ್ಟೇ, ಡೀಸೆಲ್ ಮುಗಿದರೆ ಇಡೀ ಊರಿನ ಫೋನ್ ಒಟ್ಟಿಗೆ ಸಾಯುತ್ತೆ. ಬಿರುನಾಣಿ ರಸ್ತೆಯಲ್ಲಿ ನಿನ್ನೆ ಸಂಜೆ ಜೀಪ್ ಓಡಾಡ್ತಾ ಇತ್ತು. ಮನೆ ಎಲ್ಲಿ ಅಂತ ನನಗೊಬ್ಬನಿಗೇ ಮೆಸೇಜ್ ಮಾಡು, ಇಲ್ಲಿ ಹಾಕಬೇಡ. ಮಧ್ಯಾಹ್ನದೊಳಗೆ ನೋಡಿ ಬರ್ತೇನೆ.

ಕುಶಾಲನಗರ_ಬ್ಯಾಟರಿ · 9:30

ಇನ್ವರ್ಟರ್ ಬಗ್ಗೆ ದಿನಕ್ಕೆ ಇಪ್ಪತ್ತು ಜನ ಕೇಳ್ತಾರೆ, ಲೆಕ್ಕ ಇಲ್ಲೇ ಬರೆದುಬಿಡ್ತೇನೆ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವಾಟ್-ಅವರ್. ಪೂರ್ತಿ ಹಿಂಡಬಾರದು, ಇನ್ವರ್ಟರೂ ಒಂದಿಷ್ಟು ತಿನ್ನುತ್ತೆ. ಕೈಗೆ ಸಿಗೋದು 1,200 ಅಂತ ಇಟ್ಕೊಳ್ಳಿ. 9 ವಾಟಿನ ಎಲ್‌ಇಡಿ ನಾಲ್ಕು, ಒಂದೆರಡು ಫೋನ್ ಸೇರಿ 50 ವಾಟ್. ಸಂಜೆ ಆರೂವರೆಯಿಂದ ಹತ್ತರವರೆಗೆ, ಬೆಳಗಿನ ಜಾವ ಒಂದೂವರೆ ಗಂಟೆ, ಒಟ್ಟು ಐದು ಗಂಟೆ ಬಳಸಿದರೆ ದಿನಕ್ಕೆ 250. ನಾಲ್ಕೂವರೆ ದಿನಕ್ಕೂ ಹೆಚ್ಚು ಬರುತ್ತೆ. ಟಿವಿ, ಫ್ರಿಜ್ ಹಚ್ಚಿದರೆ ಮೊದಲನೇ ರಾತ್ರಿಯೇ ಮುಗೀತು.

ಇನ್ನೊಂದು. ಖಾಲಿಯಾದ ಲೆಡ್ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಒಳಗೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿಯೇ ಹಾಳು. "ಹೋದ ವರ್ಷ ಹಾಕಿಸಿದ್ದು ಈ ವರ್ಷ ನಿಲ್ತಿಲ್ಲ" ಅಂತ ಬರುವವರಲ್ಲಿ ಮುಕ್ಕಾಲು ಜನರದ್ದು ಇದೇ ಕಥೆ. ಅರ್ಧ ಗಂಟೆ ಕರೆಂಟ್ ಬಂದು ಹೋದರೆ ಅದು ತುಂಬೋದಿಲ್ಲ, ಎಂಟು ಹತ್ತು ಗಂಟೆ ಬೇಕು.

ಸಿದ್ದಾಪುರ_ಕರೆ · 9:48

ಬ್ಯಾಟರಿ ಲೆಕ್ಕ ಎಲ್ಲಾ ಸರಿ. ಒಂದು ಪೆಟ್ರೋಲ್ ಜನರೇಟರ್ ಬಾಡಿಗೆಗೆ ತನ್ನಿ, ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಯಾವುದಾದರೂ ಸಾಕೆಟ್ಟಿಗೆ ಸಿಗಿಸಿ, ಇಡೀ ಮನೆ ಬೆಳಗುತ್ತೆ, ಪಂಪೂ ಓಡುತ್ತೆ. ನಾವು ಎರಡು ವರ್ಷದಿಂದ ಹಾಗೇ ಮಾಡ್ತಿರೋದು.

ಕಂಬ_ಹತ್ತುವವ · 10:20

@ಸಿದ್ದಾಪುರ_ಕರೆ ಅಣ್ಣಾ, ಕೈಮುಗೀತೇನೆ, ಆ ವೈರನ್ನು ಇವತ್ತೇ ಕತ್ತರಿಸಿ ಒಲೆಗೆ ಹಾಕಿ.

ನಾನು ಲೈನ್ ಕೆಲಸದವನು. ಜಿಲ್ಲೆಯಲ್ಲಿ ಎಲ್ಲಿ ಅಂತ ಹೇಳೋದಿಲ್ಲ. ನೀವು ಸಾಕೆಟ್ಟಿಗೆ ಕೊಟ್ಟ 230 ವೋಲ್ಟ್ ನಿಮ್ಮ ಮೀಟರ್ ದಾಟಿ ಕಂಬಕ್ಕೆ ಬರುತ್ತೆ, ಅಲ್ಲಿಂದ ಟಿಸಿಗೆ. ಟಿಸಿಗೆ ಮುಂದು ಹಿಂದು ಗೊತ್ತಿಲ್ಲ. ಆ ಕಡೆಯಿಂದ ಹನ್ನೊಂದು ಸಾವಿರ ಬಂದರೆ 230 ಮಾಡಿ ಕೊಡುತ್ತೆ, ಈ ಕಡೆಯಿಂದ 230 ಹೋದರೆ ಹನ್ನೊಂದು ಸಾವಿರ ಮಾಡಿ ಮೇಲಕ್ಕೆ ಕಳಿಸುತ್ತೆ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಕ್ಲಿಯರ್ (ಕರೆಂಟ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಒಪ್ಪಿಗೆ) ತಗೊಂಡು, ಸ್ವಿಚ್ ಇಳಿಸಿ, ಸತ್ತ ಲೈನ್ ಅಂತ ನಂಬಿ ನಾನು ಮೇಲೆ ಹತ್ತಿರ್ತೇನೆ. ತಂತಿಯನ್ನು ನೆಲಕ್ಕೆ ಸೇರಿಸುವ ಅರ್ಥಿಂಗ್ ರಾಡ್ ಹಾಕದೆ ತಂತಿ ಮುಟ್ಟಬಾರದು ಅಂತ ನಮಗೆ ಕಲಿಸೋದು ಇದಕ್ಕೇ. ಮಳೆಯಲ್ಲಿ ನೆನೆದು ಕೈ ಮರಗಟ್ಟಿದಾಗ ಒಂದು ತಪ್ಪಿದರೆ ಮುಗೀತು. ಜನರೇಟರ್ ಇಡುವುದಾದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಆಗ ಮನೆ ಜನರೇಟರಿಗೋ ಲೈನಿಗೋ ಒಂದಕ್ಕೇ ಸೇರಿರುತ್ತೆ. ಅದಿಲ್ಲದಿದ್ದರೆ ಪಂಪಿನ ವೈರನ್ನು ನೇರ ಜನರೇಟರಿಗೆ ಕೊಡಿ. ಜನರೇಟರ್ ಜಗಲಿಯಲ್ಲೂ ಬೇಡ, ಹೊಗೆಗೆ ಬಣ್ಣ ವಾಸನೆ ಇಲ್ಲದ ವಿಷ ಇರುತ್ತೆ, ಮಲಗಿದವರು ಏಳೋದಿಲ್ಲ.

ಸಿದ್ದಾಪುರ_ಕರೆ · 10:41

ಇದು ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ವೈರ್ ತೆಗೆದೆ. ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬರ್ತಾನೆ.

ಗರ್ವಾಲೆ_ಬೆಟ್ಟ · 10:50

ಲೈನಿನವರು ಇದ್ದೀರಲ್ಲ, ಒಂದು ಕೇಳ್ತೇನೆ. ನಮ್ಮ ಕಡೆಗೆ ಯಾಕೆ ಯಾವಾಗಲೂ ಕೊನೆಗೆ ಬರೋದು? ಬಿಲ್ಲು ಎಲ್ಲರೂ ಕಟ್ಟೋದಲ್ವಾ? ಪೇಟೆಯಲ್ಲಿ ಎರಡು ಗಂಟೆಯೊಳಗೆ ಬರುವ ಕರೆಂಟ್ ನಮಗೆ ಎಂಟು ದಿನ.

ಕಂಬ_ಹತ್ತುವವ · 11:35

ಕೇಳಿದ್ದು ನ್ಯಾಯ. ನಡೆಯೋದು ಹೇಗೆ ಅಂತ ಹೇಳ್ತೇನೆ, ಆಮೇಲೆ ಬೈಯಿರಿ.

ಗಾಳಿ ಬೀಸಿದ ರಾತ್ರಿ ಮೊದಲು ಸರಿಮಾಡಬೇಕಾದ್ದು ಸಬ್‌ಸ್ಟೇಷನ್ನಿಗೆ ಬರುವ ಲೈನ್. ಅದಿಲ್ಲದೆ ಯಾರಿಗೂ ಇಲ್ಲ. ಆಮೇಲೆ ಆಸ್ಪತ್ರೆ, ಕುಡಿಯುವ ನೀರು. ಆಮೇಲೆ ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ ಫೀಡರಿನ ಮೇನ್ ಲೈನ್, ಅದರಿಂದ ಒಡೆದ ಕವಲು, ಕವಲಿನ ತುದಿಯ ಟಿಸಿ. ಬುಡ ಸರಿಯಾಗದೆ ತುದಿ ಸರಿಮಾಡಿ ಪ್ರಯೋಜನ ಇಲ್ಲ. ನೀವು ತುದಿಯಲ್ಲಿದ್ದೀರಿ. ಫೀಡರ್ ಕಿಲೋಮೀಟರ್‌ಗಟ್ಟಲೆ ತೋಟ, ಕಾಡು, ಗದ್ದೆ ದಾಟುತ್ತೆ. ಎಲ್ಲಿ ಹರಿದಿದೆ ಅಂತ ನಡೆದೇ ಹುಡುಕಬೇಕು. ಎಬಿ ಸ್ವಿಚ್ ಇಳಿಸಿ ಅರ್ಧ ಲೈನ್ ಬೇರೆ ಮಾಡ್ತೇವೆ, ಟ್ರಯಲ್ ಚಾರ್ಜ್ (ಪರೀಕ್ಷೆಗೆ ಲೈನಿಗೆ ಕರೆಂಟ್ ಬಿಡೋದು) ಕೇಳ್ತೇವೆ, ಕರೆಂಟ್ ಉಳಿದರೆ ಫಾಲ್ಟ್ ಮುಂದಿದೆ, ಟ್ರಿಪ್ ಆದರೆ ಹಿಂದಿದೆ. ಮತ್ತೆ ನಡೀಬೇಕು.

ಮೊನ್ನೆ ಒಂದು ಏಲಕ್ಕಿ ಕೊಲ್ಲಿಯಲ್ಲಿ ಕಂಬ ನಿಲ್ಲಿಸಿದ್ದು ಹೇಳ್ತೇನೆ. ಟ್ರ್ಯಾಕ್ಟರ್ ರಸ್ತೆ ಮೇಲೇ ನಿಂತುಬಿಡ್ತು. 9 ಮೀಟರಿನ ಸಿಮೆಂಟ್ ಕಂಬಕ್ಕೆ ಹಗ್ಗ ಕಟ್ಟಿ, ಬೊಂಬು ಅಡ್ಡ ಕೊಟ್ಟು ಹನ್ನೆರಡು ಜನ ಇಳಿಸಿದೆವು. ಅದರಲ್ಲಿ ಆರು ಜನ ಆ ತೋಟದವರೇ. ಗುಂಡಿ ತೋಡಿದಷ್ಟೂ ನೀರು. ಒಬ್ಬ ಡಬ್ಬಿಯಲ್ಲಿ ನೀರು ಎತ್ತಿ ಚೆಲ್ಲುತ್ತಾ ಇದ್ದರೆ ಇನ್ನೊಬ್ಬ ಕಲ್ಲು ತುಂಬುತ್ತಾ ಇದ್ದ. ಸಂಜೆ ಬೂಟು ಬಿಚ್ಚಿದಾಗ ಜಿಗಣೆಯ ರಕ್ತಕ್ಕೆ ಕಾಲುಚೀಲ ಕಾಲಿಗೇ ಅಂಟಿತ್ತು. ಆ ಮನೆಯ ಅಕ್ಕ ಸುಣ್ಣ ಹೊಗೆಸೊಪ್ಪು ತಂದು ಹಚ್ಚಿ, ಬಿಸಿ ಗಂಜಿ ಕೊಟ್ಟರು. ಅಷ್ಟು ಮಾಡಿ ಮನೆಗೆ ಹೋಗಿ ಕೂತರೆ ಅದೇ ಲೈನಿನಲ್ಲಿ ಇನ್ನೊಂದು ಮರ.

ಎಲ್ಲರೂ ಜುಲೈಯಲ್ಲಿ ಫೋನ್ ಮಾಡ್ತೀರಿ. ಏಪ್ರಿಲಿನಲ್ಲಿ ಕತ್ತಿ ಹಿಡ್ಕೊಂಡು ಲೈನ್ ಪಕ್ಕದ ಕೊಂಬೆ ಕಡೀಲಿಕ್ಕೆ ಬಂದಾಗ "ಅದರ ಮೇಲೆ ಕರಿಮೆಣಸಿನ ಬಳ್ಳಿ ಉಂಟು, ಮುಟ್ಟಬೇಡಿ" ಅಂತ ಗೇಟಿನಿಂದಲೇ ಕಳಿಸ್ತೀರಿ. ಎಲ್ಲರೂ ಅಲ್ಲ. ಆದರೆ ಸುಮಾರು ಜನ.

ಪೊನ್ನಂಪೇಟೆ_ಪ್ಲಾಂಟರ್ · 11:58

ಅದನ್ನೂ ಒಂದೇ ಕಡೆಯಿಂದ ನೋಡಬೇಡಿ ಬ್ರದರ್. ಹದಿನೈದು ವರ್ಷದ ಬಳ್ಳಿ, ಮರ ಹೋದರೆ ಬಳ್ಳಿಯೂ ಹೋಯ್ತು, ಕೆಳಗಿನ ಕಾಫಿಗೆ ನೆರಳೂ ಹೋಯ್ತು. ಕಡಿಯಲು ಬರುವವರು ಕೆಲವು ಕಡೆ ನಡುಮಧ್ಯದಲ್ಲೇ ಕಚಕ್ಕನೆ ಕಡಿದು ಹೋಗ್ತಾರೆ. ಕೊಂಬೆ ಕಾಫಿ ಗಿಡದ ಮೇಲೆ ಬಿದ್ದು ನಾಲ್ಕು ಗಿಡ ಸೀಳಿರುತ್ತೆ. ಮುಂಚೆ ಒಂದು ಮಾತು ಹೇಳಿ ಬಂದರೆ ನಮ್ಮ ಆಳುಗಳೇ ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸಿಕೊಡ್ತಾರೆ.

ಕಂಬ_ಹತ್ತುವವ · 12:04

ಒಪ್ಪಿದೆ. ಅದು ನಮ್ಮ ಕಡೆಯ ತಪ್ಪೇ.

ಚೆಟ್ಟಳ್ಳಿ_ಹಳೆಗುಮಾಸ್ತ · 12:20

ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆ ಅನುಮತಿ ಬೇಕು ಅಂತ ಹೆದರಿ ಬಿಡುವವರೂ ಇದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ಅನುಮತಿ ಬೇಡದ ಮರಗಳ ಪಟ್ಟಿ ಉಂಟು. ಸಿಲ್ವರ್ ಓಕ್, ಹಾಲುವಾಣ, ನೀಲಗಿರಿ, ಗ್ಲಿರಿಸಿಡಿಯಾ ಅದರಲ್ಲಿವೆ. ಬೀಟೆ, ಹೊನ್ನೆಯಂಥ ಪಟ್ಟಿಯಲ್ಲಿಲ್ಲದ ಮರಗಳನ್ನು ಕೇಳದೆ ಮುಟ್ಟಬೇಡಿ.

ಇನ್ನು ದೂರಿನ ವಿಷಯ. ಬರೀ ಲೈನ್‌ಮ್ಯಾನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ. 1912ಕ್ಕೆ ಮಾಡಿ, ದೂರು ಸಂಖ್ಯೆ ಬರೆದಿಟ್ಕೊಳ್ಳಿ. 2020ರ ಕೊನೆಗೆ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಹೊರಡಿಸಿತು, ತಡ ಮಾಡಿದರೆ ಪರಿಹಾರ ಕೊಡಬೇಕು ಅಂತ ಅದರಲ್ಲಿ ಉಂಟು. ಎಷ್ಟು ಗಂಟೆಯೊಳಗೆ ಏನು ಸರಿಯಾಗಬೇಕು ಅನ್ನೋದನ್ನು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿ ಮಾಡುತ್ತೆ.

ಗರ್ವಾಲೆ_ಬೆಟ್ಟ · 12:27

ಸಾರ್, ನಿಯಮ ತೋರಿಸಿದರೆ ಕಂಬ ಎದ್ದು ನಿಲ್ಲುತ್ತಾ? ಪ್ರಕೃತಿ ವಿಕೋಪ ಅಂದುಬಿಟ್ಟರೆ ಗಡುವೇ ಇಲ್ಲ.

ಚೆಟ್ಟಳ್ಳಿ_ಹಳೆಗುಮಾಸ್ತ · 12:35

ಎದ್ದು ನಿಲ್ಲೋದಿಲ್ಲ. ಆದರೆ ಒಂದೇ ಟಿಸಿ ಮೇಲೆ ವರ್ಷಕ್ಕೆ ಹತ್ತು ದೂರು ದಾಖಲೆಯಲ್ಲಿದ್ದರೆ, ಲೈನ್ ಬದಲಾಯಿಸಲು ಎಸ್ಟಿಮೇಟ್ ಹಾಕುವಾಗ ಆ ಹತ್ತು ಕಾಗದವೇ ಮಾತಾಡೋದು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ಮೂವತ್ತು ವರ್ಷ ಫೈಲು ನೋಡಿ ಹೇಳ್ತಾ ಇದ್ದೇನೆ.

ಬೆಂಗಳೂರಲ್ಲಿರುವ_ಮಗ · 12:40

ಲೈನನ್ನು ನೆಲದೊಳಗೇ ಹಾಕಿಬಿಟ್ಟರೆ ಆಗಲ್ವಾ? ಇಲ್ಲಿ ಹಾಗೇ ಮಾಡ್ತಿದ್ದಾರೆ.

ಕಂಬ_ಹತ್ತುವವ · 12:58

ಪೇಟೆ ರಸ್ತೆಗೆ ಸರಿ. ನಮ್ಮ ಗುಡ್ಡದಲ್ಲಿ ಮಣ್ಣೇ ಜಾರುತ್ತೆ, ಕೇಬಲ್ ಎಳೆದು ಜಾಯಿಂಟ್ ಕಿತ್ತರೆ ಎಲ್ಲಿ ಅಂತ ಹುಡುಕೋದು ಇನ್ನೂ ಕಷ್ಟ. ಖರ್ಚೂ ಬಹಳ. ಇಲ್ಲಿಗೆ ಆಗೋದು ಎರಡು. ತೋಟದ ಹೊಟ್ಟೆಯೊಳಗಿನ ಲೈನನ್ನು ರಸ್ತೆ ಪಕ್ಕಕ್ಕೆ ತರೋದು, ಆಗ ಜೀಪ್ ಹೋಗುತ್ತೆ, ಕಂಬ ಹೋಗುತ್ತೆ. ಮರ ಹೆಚ್ಚಿರುವ ಕಡೆ ಬರಿ ತಂತಿ ಬದಲು ಎಬಿ ಕೇಬಲ್ (ಹೊದಿಕೆಯ ತಂತಿಗಳನ್ನು ಒಟ್ಟಿಗೆ ಹೆಣೆದದ್ದು) ಅಥವಾ ಹೊದಿಕೆ ಇರುವ ತಂತಿ. ಕೊಂಬೆ ಉಜ್ಜಿದರೂ ಟ್ರಿಪ್ ಆಗೋದಿಲ್ಲ. ಇಡೀ ಮರ ಬಿದ್ದರೆ ಅದೂ ಹೋಗುತ್ತೆ, ಸುಳ್ಳು ಹೇಳೋದಿಲ್ಲ.

ಸಂಪಾಜೆಯವ · 1:15

ನಮ್ಮಲ್ಲಿ ಕರೆಂಟ್ ಇಲ್ಲ ಅಂತ ಹೇಳುವ ಹಾಗಿಲ್ಲ ಮಾರಾಯ್ರೆ, ತೊರೆಯಲ್ಲೇ ಉಂಟು. ತೊರೆ ನೀರಿನಿಂದ ಕರೆಂಟ್ ಮಾಡುವ ಸಣ್ಣ ಯಂತ್ರ, ಪೈಕೋ ಹೈಡ್ರೋ, ಕೂರಿಸಿ ಏಳಕ್ಕೂ ಹೆಚ್ಚು ಮಳೆಗಾಲ ಆಯ್ತು. 20 ಮೀಟರ್ ಮೇಲಿಂದ ಪೈಪಿನಲ್ಲಿ ಸೆಕೆಂಡಿಗೆ 10 ಲೀಟರ್ ನೀರು ಇಳಿದರೆ ನಷ್ಟ ಎಲ್ಲಾ ಕಳೆದು ಸುಮಾರು ಒಂದು ಕಿಲೋವಾಟ್ ಸಿಗ್ತದೆ. 20 ಲೀಟರಿನ ಬಕೆಟ್ ಎರಡು ಸೆಕೆಂಡಿಗೆ ತುಂಬಿದರೆ ನಿಮ್ಮ ತೊರೆ ಸಾಕು. ಒಂದು ಕಿಲೋವಾಟ್ ಅಂದರೆ ಸಣ್ಣದು ಅನ್ನಿಸಬಹುದು. ಆದರೆ ಇದು ರಾತ್ರಿ ಹಗಲು ಬರ್ತದೆ, ಮಳೆ ಜೋರಾದಷ್ಟೂ ಗಟ್ಟಿ. ಸೋಲಾರ್ ಹಾಕಿದವರು ಈಗ ಮೋಡ ನೋಡ್ತಾ ಕೂತಿದ್ದಾರೆ.

ಕಷ್ಟ ಇಲ್ಲ ಅಂತಲ್ಲ. ನೀರು ತಗೊಳ್ಳುವ ಜಾಗದ ಜಾಲರಿಗೆ ಎಲೆ ಕಟ್ಟಿಕೊಳ್ತದೆ, ರಾತ್ರಿ ಎರಡು ಗಂಟೆಗೂ ಟಾರ್ಚ್ ಹಿಡಿದು ಹೋಗಿ ಕೈಹಾಕಿ ತೆಗೀಬೇಕು. ಬಲ್ಬೆಲ್ಲಾ ಆರಿಸಿದರೆ ಟರ್ಬೈನ್ ಹುಚ್ಚು ಓಟ ಓಡ್ತದೆ, ಅದಕ್ಕೆ ಉಳಿದ ಕರೆಂಟ್ ತಿನ್ನಲು ನೀರಲ್ಲಿ ಮುಳುಗಿಸಿದ ಕಾಯಿಲ್ ಇಟ್ಟಿರ್ತೇವೆ. ಸ್ನಾನಕ್ಕೆ ಬಿಸಿನೀರೂ ಆಯ್ತು. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಬಂದು ಹೆದ್ದಾರಿ ಮುಚ್ಚಿದಾಗ ನಮ್ಮ ಮನೆಯ ಒಂದು ಬಲ್ಬಿಗೆ ಎಂಟು ಮನೆಯವರು ಬಂದು ಫೋನ್ ಚಾರ್ಜ್ ಮಾಡಿ ಹೋದರು.

ಮುಕ್ಕೊಡ್ಲು_ಹುಡುಗಿ · 1:40

2018 ಅಂದಿರಿ. ಆಗ ನಾನು ಒಂಬತ್ತನೇ ಕ್ಲಾಸು. ಕರೆಂಟ್ ಹೋಗಿ ದಿನಗಳಾಗಿತ್ತು, ಅದು ನಮಗೆ ಮಾಮೂಲು. ಆದರೆ ಫೋನೂ ಸತ್ತಿತ್ತು, ಹಾಗಾಗಿ ಪಕ್ಕದ ಊರಿನಲ್ಲಿ ಗುಡ್ಡ ಜಾರಿದ್ದು ನಮಗೆ ತಿಳಿಯಲೇ ಇಲ್ಲ. ಓಡಿ ಬಂದವರನ್ನು ನೋಡಿದ ಮೇಲೆ ಹೊರಟದ್ದು. ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದರು ಚಿಕ್ಕಪ್ಪಂದಿರು. ಅವತ್ತಿಂದ ಮನೆಯಲ್ಲಿ ಸೆಲ್ ಹಾಕುವ ರೇಡಿಯೋ ಒಂದು ಇಟ್ಟಿದ್ದೇವೆ. ನಿಮ್ಮನೆಯಲ್ಲೂ ಇಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077 ನಂಬರ್ ಗೋಡೆ ಮೇಲೆ ಬರೀರಿ, ಫೋನಿನಲ್ಲಿ ಸೇವ್ ಮಾಡಿದರೆ ಫೋನ್ ಸತ್ತಾಗ ಸಿಗೋದಿಲ್ಲ.

ಶಾಂತಳ್ಳಿ_ಮಳೆಲೆಕ್ಕ · 1:52

ಮಗಳೇ, ಸರಿಯಾಗಿ ಹೇಳಿದೆ. ಬರೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ತೊರೆ, ಅಥವಾ ಹರಿಯುತ್ತಿದ್ದ ತೊರೆ ತಟ್ಟನೆ ನಿಂತರೆ ಮನೆಯೊಳಗೆ ಕೂರಬೇಡಿ ಯಾರೂ.

ಟಿಶೆಟ್ಟಿಗೇರಿ · 2:50

@ಬೆಂಗಳೂರಲ್ಲಿರುವ_ಮಗ ನೋಡಿ ಬಂದೆ. ಇಬ್ಬರೂ ಚೆನ್ನಾಗಿದ್ದಾರೆ. ಮನೆ ಹಿಂದಿನ ಬರೆ ಗಟ್ಟಿ ಉಂಟು, ನಾನೇ ಹತ್ತಿ ನೋಡಿದೆ. ಅಪ್ಪ ಒಲೆ ಮುಂದೆ ಕಂಬಳಿ ಹೊದ್ದು ಕೂತು ಕಣಿಲೆ (ಎಳೆ ಬಿದಿರು) ಹೆಚ್ಚುತ್ತಾ ಇದ್ದರು, ಅಮ್ಮ ನನಗೆ ಊಟ ಮಾಡಿಸದೆ ಬಿಡಲಿಲ್ಲ. ನಿನಗೆ ಹೇಳು ಅಂದದ್ದು: "ಶನಿವಾರ ಗಾಡಿ ಓಡಿಸ್ಕೊಂಡು ಬರಬೇಡ, ಮಳೆ ಬಿಡ್ಲಿ." ಅಮ್ಮನ ಬಿಪಿ ಮಾತ್ರೆ ನಾಲ್ಕು ದಿನಕ್ಕೆ ಉಂಟು, ನಾಳೆ ತಂದುಕೊಡ್ತೇನೆ.

ಬೆಂಗಳೂರಲ್ಲಿರುವ_ಮಗ · 2:53

ಅಣ್ಣಾ, ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಆಫೀಸಿನಲ್ಲಿ ಕೂತು ಅಳ್ತಾ ಇದ್ದೇನೆ.

ನಾಪೋಕ್ಲು_ಸಿಸ್ಟರ್ · 3:02

ಕಣಿಲೆ ಅಂದಿದ್ದು ಕೇಳಿ ಬಾಯಲ್ಲಿ ನೀರು ಬಂತು. ಕಕ್ಕಡ ತಿಂಗಳ ಹದಿನೆಂಟಕ್ಕೆ ಅಡುಗೆಗೆ ಬೇಕಾದ ಮದ್ದುಸೊಪ್ಪು ಯಾರ ತೋಟದಲ್ಲಿ ಚೆನ್ನಾಗಿ ಬಂದಿದೆ ಈ ಸಲ?

ಪೊನ್ನಂಪೇಟೆ_ಪ್ಲಾಂಟರ್ · 3:10

ನಮ್ಮ ಬೇಲಿ ಪೂರ್ತಿ ಉಂಟು, ಬನ್ನಿ. ಆಗಸ್ಟ್ 3ಕ್ಕೆ ಬೇಕಾದಷ್ಟು ಕಿತ್ತುಕೊಳ್ಳಿ. ಕಾಫಿಗೆ ಮಾತ್ರ ಕೊಳೆ ರೋಗ ಹತ್ತಿದೆ, ಕಾಯಿ ಉದುರುತ್ತಾ ಉಂಟು. ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಬಿಸಿಲು ಬೇಕು, ಅದೇ ಇಲ್ಲ.

ಸಿದ್ದಾಪುರ_ಕರೆ · 3:25

ವಿಷಯ ಬೇರೆ ಕಡೆ ಹೋಯ್ತು. ನಮ್ಮ ಕಡೆ ಕರೆಂಟ್ ಹೋದರೆ ಆನೆ ಬಂದದ್ದೂ ತಿಳಿಯೋದಿಲ್ಲ. ನಿನ್ನೆ ರಾತ್ರಿ ಹಲಸಿನ ಮರದ ಕೆಳಗೆ ನಿಂತಿತ್ತು, ನಾಯಿ ಬೊಗಳಿದ್ದಕ್ಕೆ ಗೊತ್ತಾಯ್ತು. ಬೆಳಿಗ್ಗೆ ಲೈನ್‌ಮನೆ ಹಿಂದೆ ತಂತಿ ಹರಿದು ಬಿದ್ದಿದೆ. ಕರೆಂಟ್ ಇಲ್ಲವಲ್ಲ, ಎತ್ತಿ ಬದಿಗೆ ಹಾಕಬಹುದಾ?

ಕಂಬ_ಹತ್ತುವವ · 3:31

ಬೇಡ! ಟ್ರಯಲ್ ಚಾರ್ಜ್ ಯಾವ ಕ್ಷಣದಲ್ಲೂ ಬರುತ್ತೆ. ಹತ್ತು ಮೀಟರ್ ದೂರಕ್ಕೆ ಹಗ್ಗ ಕಟ್ಟಿ, ಒಬ್ಬರು ಕಾವಲು ನಿಲ್ಲಿ, ದನ ನಾಯಿ ಬಿಡಬೇಡಿ. ಒದ್ದೆ ನೆಲದಲ್ಲೂ ಕರೆಂಟ್ ಹರಡಿರುತ್ತೆ. 1912ಕ್ಕೆ ಹೇಳಿ ದೂರು ಸಂಖ್ಯೆ ಇಲ್ಲಿ ಹಾಕಿ, ನಾನೂ ಆ ಕಡೆಯವರಿಗೆ ತಿಳಿಸ್ತೇನೆ.

ಗಾಳಿಬೀಡು_ತೋಟ · ಶುಕ್ರವಾರ ಸಂಜೆ 6:40

ನಿನ್ನೆ ಮನೆಗೆ ಹೋಗಿ ಔಷಧಿ ಅಟ್ಟದಿಂದ ಇಳಿಸಿದೆ. ಅಮ್ಮ ಚೆನ್ನಾಗಿದ್ದಾಳೆ. ಬಾವಿಗೆ ರಾಟೆ ಕಟ್ಟಿದ್ದೇವೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಲೈನಿನವರು ಎಂಟು ಜನ ಬಂದರು. ನಾವು ಹದಿನಾಲ್ಕು ಮನೆಯವರೂ ಸೇರಿದೆವು. ನಾಲ್ಕೂವರೆಗೆ ಬಲ್ಬ್ ಉರೀತು, ಲೈನ್‌ಮನೆಯ ಮಕ್ಕಳು ಕೂಗಿದ್ದು ಮೇಲಿನ ರಸ್ತೆಯವರೆಗೆ ಕೇಳಿಸಿತು.

ನಿನ್ನೆ ಬರೆದದ್ದರಲ್ಲಿ ಒಂದು ಮುಚ್ಚಿಟ್ಟಿದ್ದೆ. ಬಿದ್ದ ಸಿಲ್ವರ್ ಓಕ್ ನನ್ನದೇ. ಏಪ್ರಿಲಿನಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಮಾಡುವಾಗ ಅದನ್ನು ಕಡೀತೇವೆ ಅಂತ ಇಬ್ಬರು ಬಂದಿದ್ದರು. ಬಳ್ಳಿಯಲ್ಲಿ ಮೆಣಸಿನ ಚಿಗುರು ಬರುವ ಕಾಲ, ಮುಂದಿನ ವರ್ಷ ನೋಡೋಣ ಅಂತ ನಾನೇ ವಾಪಸ್ ಕಳಿಸಿದೆ. ಇವತ್ತು ಬಂದವರಲ್ಲಿ ಒಬ್ಬ ಅವತ್ತಿನ ಹುಡುಗನೇ. ನನ್ನ ಗುರುತು ಸಿಕ್ಕಿತು ಅವನಿಗೆ. ಒಂದು ಮಾತು ಆಡಲಿಲ್ಲ. ಗರಗಸ ಹಾಕುವ ಮುಂಚೆ ಬಳ್ಳಿಯನ್ನು ಕೈಯಲ್ಲಿ ಬಿಡಿಸಿ, ಸುರುಳಿ ಸುತ್ತಿ, ನೆಡಲಿಕ್ಕಾದರೂ ಆಗುತ್ತೆ ಅಂತ ನನ್ನ ಕೈಗೆ ಕೊಟ್ಟ. ಆ ಕೂಸಿನ ತಾಯಿಯ ಮುಖ ನೋಡಲು ಐದು ದಿನ ನನಗೆ ಆಗಿರಲಿಲ್ಲ, ಇವತ್ತು ಹೋಗಿ ಹೇಳಿದೆ.

ಲೈನಿನ ಎರಡೂ ಕಡೆ ನಡೆದು ನೋಡಿದೆ. ನನ್ನದರಲ್ಲೇ ಇನ್ನೂ ಏಳು ಮರ ತಂತಿ ಕಡೆಗೆ ವಾಲಿವೆ. ಪಕ್ಕದ ತೋಟದಲ್ಲಿ ನಾಲ್ಕು.

ಶಾಂತಳ್ಳಿ_ಮಳೆಲೆಕ್ಕ · 6:58

ಇಲ್ಲಿ ಬಂದು ಹೇಳಿದ್ದು ದೊಡ್ಡದಪ್ಪ. ನನ್ನ ತೋಟದಲ್ಲೂ ಅಂಥವು ಉಂಟು, ಎಣಿಸಿಯೇ ಇಲ್ಲ ಇದುವರೆಗೆ.

ಗರ್ವಾಲೆ_ಬೆಟ್ಟ · 7:10

ಹಾಗಾದರೆ ಏಪ್ರಿಲ್‌ವರೆಗೆ ಕಾಯೋದು ಯಾಕೆ? 2025ರಲ್ಲಿ ನೋಡಿದೆವಲ್ಲ, ಜೂನ್ 1ಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಮೇ ಕೊನೆಗೆ ಕಡಿಯೋಣ ಅಂತ ಇಟ್ಟುಕೊಂಡ ಕೊಂಬೆಯೆಲ್ಲಾ ಲೈನ್ ಮೇಲೇ ಬಿತ್ತು. ಕಾಫಿ ಕುಯ್ಲು ಮುಗಿದ ತಕ್ಷಣ, ಮಾರ್ಚಿಯೊಳಗೆ ಮುಗಿಸಬೇಕು.

ಕಂಬ_ಹತ್ತುವವ · 7:35

ಮಾರ್ಚಿ ಒಳ್ಳೇದು. ಆದರೆ ಗುರುತು ಹಾಕೋದು ಈಗಲೇ, ಮಳೆಯಲ್ಲೇ. ಯಾವ ಮರ ಎಷ್ಟು ವಾಲುತ್ತೆ, ಯಾವ ಕೊಂಬೆ ತಂತಿ ಮುಟ್ಟುತ್ತೆ ಅಂತ ಎಲೆ ನೆನೆದು ಭಾರವಾದಾಗಲೇ ಕಾಣೋದು. ಬೇಸಿಗೆಯಲ್ಲಿ ಎಲ್ಲಾ ಮರ ನೆಟ್ಟಗೇ ಇರುತ್ತೆ. ಸಣ್ಣ ಡಬ್ಬಿ ಕೆಂಪು ಬಣ್ಣ ಸಾಕು, ದೂರದಿಂದ ನೋಡಿ ಬುಡಕ್ಕೆ ಒಂದು ಪಟ್ಟಿ ಬಳೀರಿ, ಕಂಬದ ನಂಬರ್ ಬರೆದಿಡಿ. ಕಡಿಯುವ ದಿನ ನಮಗೆ ಮೊದಲೇ ತಿಳಿಸಿ, ಲೈನ್ ಕ್ಲಿಯರ್ ತಗೊಂಡು ನಾವೇ ಬಂದು ನಿಲ್ತೇವೆ. ನಿಮ್ಮಷ್ಟಕ್ಕೆ ಕಡೀಬೇಡಿ.

ಅಲ್ಯೂಮಿನಿಯಂ ಏಣಿ ಲೈನಿನ ಹತ್ತಿರಕ್ಕೇ ತರಬೇಡಿ. ಮೆಣಸು ಕುಯ್ಯುವಾಗ, ಮರಗಸಿ ಮಾಡುವಾಗ ಏಣಿ ತಂತಿಗೆ ತಾಗಿ ಸತ್ತವರನ್ನು ಇಳಿಸಿದ ಕೈ ಇದು.

ಚೆಟ್ಟಳ್ಳಿ_ಹಳೆಗುಮಾಸ್ತ · 7:50

ಮರದ ಪಟ್ಟಿ, ಕಂಬದ ನಂಬರ್, ಮಾಲೀಕರ ಒಪ್ಪಿಗೆ ಸಹಿ. ಮೂರೂ ಒಂದೇ ಹಾಳೆಯಲ್ಲಿ ಬರುವ ಹಾಗೆ ನಮೂನೆ ಬರೆದುಕೊಡ್ತೇನೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ಲೈನಿನವರ ಕಚೇರಿಗೆ, ಸ್ವೀಕೃತಿ ಹಾಕಿಸಿ.

ಗಾಳಿಬೀಡು_ತೋಟ · 8:05

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಗೇಟಿನಿಂದ ಶುರು ಮಾಡ್ತೇನೆ. ಬಣ್ಣ ತಂದಿದ್ದೇನೆ. ಹದಿನಾಲ್ಕರಲ್ಲಿ ಹನ್ನೊಂದು ಮನೆಯವರು ಬರ್ತೇವೆ ಅಂದಿದ್ದಾರೆ. ಹತ್ತಿರದವರು ಯಾರಾದರೂ ಬರೋದಾದರೆ ಬನ್ನಿ, ತಿಂಡಿ ನಮ್ಮನೆಯಲ್ಲಿ.

ಪೊನ್ನಂಪೇಟೆ_ಪ್ಲಾಂಟರ್ · 8:12

ದೂರ, ಬರಲಾಗೋದಿಲ್ಲ. ಆದರೆ ಮಾರ್ಚಿಗೆ ಕಡಿಯುವಾಗ ಹೇಳಿ. ನಮ್ಮಲ್ಲಿ ಫೈಬರ್ ಏಣಿ ಎರಡು ಉಂಟು, ಹಗ್ಗ ಕಟ್ಟಿ ಇಳಿಸಲು ತಿಳಿದ ಆಳೂ ಉಂಟು. ಜೀಪಿನಲ್ಲಿ ಹಾಕ್ಕೊಂಡು ಬರ್ತೇನೆ.